ಸೋತವರಿಗೆ ಮುಂದಿನ ಪಂದ್ಯ ಎಲ್ಲಿದೆ?

ಹಳಿಯಾಳ ಸೀಮೆಯ ಜಾತ್ರೆಗಳಲ್ಲಿ ಜಂಗಿ ನಿಕಾಲಿ ಕುಸ್ತಿ ನೋಡಿದವರಿಗೆ ಗೊತ್ತು, ಅಲ್ಲಿ ಅಂಕದ ಲೆಕ್ಕಾಚಾರವಿಲ್ಲ. ಇಬ್ಬರಲ್ಲಿ ಒಬ್ಬ ಚಿತ್ ಆಗಲೇಬೇಕು. ಸೋತ ಪೈಲ್ವಾನ ಬೆನ್ನಿನ ಮಣ್ಣು ಕೊಡವಿಕೊಂಡು, ಗೆದ್ದವನ ಕೈ ಹಿಡಿದು, ಗದ್ದಲದ ನಡುವೆ ದಾರಿ ಮಾಡಿಕೊಂಡು ಹೊರಡುತ್ತಾನೆ. ಅವನ ಕಥೆ ಮುಗಿಯಿತೆಂದು ಯಾರೂ ಹೇಳುವುದಿಲ್ಲ. ಇನ್ನಷ್ಟು ದಿನ ಬಿಟ್ಟರೆ ಪಕ್ಕದೂರಿನ ಜಾತ್ರೆ ಇದ್ದೇ ಇದೆ. ಹೀನಾಯವಾಗಿ ಸೋತ ಬಾಕ್ಸರ್ ಮತ್ತೆ ಮೇಲೆದ್ದು ಬರಬಲ್ಲನೇ ಎಂಬ ಚರ್ಚೆ ಬಂದಾಗಲೆಲ್ಲ ನಾವು ಛಲ, ಎದೆಗಾರಿಕೆ ಎಂದು ಭಾಷಣ ಬಿಗಿಯುತ್ತೇವೆ. ಪಕ್ಕದೂರಿನ ಆ ಜಾತ್ರೆಯನ್ನು ಮಾತ್ರ ಮರೆಯುತ್ತೇವೆ.

ಬಾಕ್ಸರ್ ನಿಶಾಂತ್ ದೇವ್ ಅವರನ್ನೇ ನೋಡಿ. ಹುಟ್ಟಿದ್ದು ಹರಿಯಾಣದ ಕರ್ನಾಲ್‌ನಲ್ಲಾದರೂ 2021ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಅವರು ಚಿನ್ನ ಗೆದ್ದದ್ದು ಕರ್ನಾಟಕದ ಪರವಾಗಿ. ಪಳಗಿದ್ದು ತೋರಣಗಲ್ಲು ಬಳಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್‌ನಲ್ಲಿ. 2024ರ ಮಾರ್ಚ್‌ನಲ್ಲಿ ಇಟಲಿಯಲ್ಲಿ ನಡೆದ ಅರ್ಹತಾ ಕೂಟದಲ್ಲಿ ಇನ್ನೊಂದೇ ಪಂದ್ಯ ಗೆದ್ದಿದ್ದರೆ ಪ್ಯಾರಿಸ್ ಒಲಿಂಪಿಕ್ಸ್ ಕೈಗೆ ಸಿಗುತ್ತಿತ್ತು. ಅಮೆರಿಕದ ಒಮರಿ ಜೋನ್ಸ್ ಎದುರು ಸೋತರು. ಆ ಕೂಟದಿಂದ ಭಾರತದ ಒಬ್ಬ ಬಾಕ್ಸರ್‌ಗೂ ಅರ್ಹತೆ ದಕ್ಕಲಿಲ್ಲ. ಆದರೆ ಎರಡೂವರೆ ತಿಂಗಳು ಕಳೆಯುವಷ್ಟರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೊಂದು ಅರ್ಹತಾ ಕೂಟ ಬಂತು, ಅಲ್ಲಿ ಗೆದ್ದರು. ಪ್ಯಾರಿಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೊದ ಮಾರ್ಕೊ ವೆರ್ಡೆ ಎದುರು ಅವರು ಸೋತ ತೀರ್ಪಿನ ಬಗ್ಗೆ ಇಂದಿಗೂ ಜಗಳವಿದೆ. ಗೆದ್ದಿದ್ದರೆ ಪದಕ ಖಚಿತವಿತ್ತು. 2025ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ವೃತ್ತಿಪರ ಬಾಕ್ಸರ್ ಆಗಿ ಕಣಕ್ಕಿಳಿದವರು ಮೊದಲ ಸುತ್ತಿನಲ್ಲೇ ಎದುರಾಳಿಯನ್ನು ಮುಗಿಸಿದರು. ಅವರ ಛಲವನ್ನು ನಾನು ಅಲ್ಲಗಳೆಯುತ್ತಿಲ್ಲ. ಬ್ಯಾಂಕಾಕ್ ಇಲ್ಲದಿದ್ದರೆ ಆ ಛಲ ಕರ್ನಾಲ್‌ನ ಮನೆಯಲ್ಲಿ ಕೂತಿರುತ್ತಿತ್ತು, ಅಷ್ಟೆ.

ನಿಖತ್ ಜರೀನ್ ಅವರದ್ದೂ ಇದೇ ದಾರಿ. ಆಯ್ಕೆ ಪಂದ್ಯ ಬೇಕೇ ಬೇಕೆಂದು ಕ್ರೀಡಾ ಸಚಿವರಿಗೆ ಪತ್ರ ಬರೆದು ಪಡೆದುಕೊಂಡ ಹುಡುಗಿ, 2019ರ ಡಿಸೆಂಬರ್‌ನಲ್ಲಿ ನಡೆದ ಆ ಪಂದ್ಯದಲ್ಲಿ ಮೇರಿ ಕೋಮ್ ಎದುರು 9-1ರಿಂದ ಮಣ್ಣುಮುಕ್ಕಿದರು. ಮುಗಿದ ಮೇಲೆ ಹಿರಿಯಾಕೆ ಕೈ ಕುಲುಕಲಿಲ್ಲ ಎಂಬುದೇ ದೊಡ್ಡ ಸುದ್ದಿಯಾಯಿತು. 2022ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ಅದೇ ನಿಖತ್ ವಿಶ್ವ ಚಾಂಪಿಯನ್.

ಹಾಗೆಂದು ಬಿದ್ದವರೆಲ್ಲ ಏಳಲೇಬೇಕು ಎಂದು ಹುರಿದುಂಬಿಸುವುದು ನನಗೆ ಒಪ್ಪಿಗೆಯಿಲ್ಲ. ಕುಸ್ತಿಯಲ್ಲಿ ಮಣ್ಣು ಹತ್ತುವುದು ಬೆನ್ನಿಗೆ, ಬಾಕ್ಸಿಂಗ್‌ನಲ್ಲಿ ಪೆಟ್ಟು ಬೀಳುವುದು ಮಿದುಳಿಗೆ. ಫ್ಲಾಯ್ಡ್ ಪ್ಯಾಟರ್ಸನ್ 1959ರಲ್ಲಿ ಯೋಹಾನ್ಸನ್ ಎದುರು ಒಂದೇ ಸುತ್ತಿನಲ್ಲಿ ಏಳು ಸಲ ನೆಲಕ್ಕೆ ಬಿದ್ದು ಹೆವಿವೇಟ್ ಪಟ್ಟ ಕಳೆದುಕೊಂಡರು. ಮರುವರ್ಷ ಅದೇ ಯೋಹಾನ್ಸನ್‌ರನ್ನು ಕೆಡವಿ, ಕಳೆದ ಹೆವಿವೇಟ್ ಪಟ್ಟವನ್ನು ಮರಳಿ ಗೆದ್ದ ಮೊದಲಿಗರಾದರು. ಕೇಳಲು ಎಷ್ಟು ಚೆಂದ! ಆಮೇಲೆ ಸನ್ನಿ ಲಿಸ್ಟನ್ ಎದುರು ಎರಡು ಸಲವೂ ಮೊದಲ ಸುತ್ತಿನಲ್ಲೇ ಮಕಾಡೆ ಬಿದ್ದರು. 1998ರಲ್ಲಿ ನ್ಯೂಯಾರ್ಕ್‌ನ ಅಥ್ಲೆಟಿಕ್ ಕಮಿಷನ್‌ನ ಮುಖ್ಯಸ್ಥರಾಗಿದ್ದಾಗ ನೆನಪು ಕೈಕೊಟ್ಟು ಹುದ್ದೆ ಬಿಡಬೇಕಾಯಿತು. ತಲೆಗೆ ಪೆಟ್ಟು ತಿಂದು ನಾಕೌಟ್ ಆದ ಹವ್ಯಾಸಿ ಬಾಕ್ಸರ್ ಕನಿಷ್ಠ 30 ದಿನ ರಿಂಗ್ ಹತ್ತಬಾರದೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ಮರಳಬೇಕೋ ಬೇಡವೋ ಎಂಬುದನ್ನು ಕೋಚ್‌ಗಿಂತ ಮೊದಲು ವೈದ್ಯರು ಹೇಳಬೇಕು, ಅಭಿಮಾನಿಗಳು ಬಾಯಿ ಮುಚ್ಚಿಕೊಂಡಿರಬೇಕು.

ಇನ್ನು ನಮ್ಮೂರ ಮಾತು. 1980ರ ದಶಕದ ಕೊನೆಯಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರದ ಸ್ಪೆಷಲ್ ಏರಿಯಾ ಗೇಮ್ಸ್ ಯೋಜನೆಯವರು ಈ ಕಾಡಿನಂಚಿನ ಊರುಗಳಿಂದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದರು. ಕಮಲಾ ಸಿದ್ದಿ ಅವರಂಥ ಓಟಗಾರ್ತಿಯರು ದೇಶಕ್ಕೆ ಗೊತ್ತಾದದ್ದು ಹಾಗೆ. 1993ರ ಹೊತ್ತಿಗೆ ಸಿದ್ದಿ ಮಕ್ಕಳ ಈ ತರಬೇತಿ ನಿಂತಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು, ಉಳಿದವರು ಊರಿಗೆ ಬಂದು ಕೂಲಿ, ಗದ್ದೆ ಕೆಲಸಕ್ಕೆ ನಿಂತರು. ಈ ಮಕ್ಕಳು ಊರಿಗೆ ಮರಳಿದ್ದು ಟ್ರ್ಯಾಕ್ ಮೇಲೆ ಸೋತು ಅಲ್ಲ. ಸೋತು ಮರಳುವ ಅವಕಾಶವಾದರೂ ನಿಖತ್‌ಗೆ ಇತ್ತು, ಇವರಿಗೆ ಅದೂ ಇರಲಿಲ್ಲ. ಈಚಿನ ವರ್ಷಗಳಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆ ಮುಂಡಗೋಡದಲ್ಲಿ ಮಕ್ಕಳಿಗೆ ಓಟ ಕಲಿಸುತ್ತಿದೆ, ಹಳಿಯಾಳದಲ್ಲಿ ಕುಸ್ತಿಯ ಕ್ರೀಡಾ ವಸತಿ ನಿಲಯವಿದೆ. ಸಂತೋಷ. ಆದರೆ ಮೈನಳ್ಳಿಯದೋ ಗುಂಜಾವತಿಯದೋ ಒಬ್ಬ ಹುಡುಗಿ ದಸರಾ ಕ್ರೀಡಾಕೂಟದ ತಾಲ್ಲೂಕು ಮಟ್ಟದಲ್ಲೇ ಸೋತಳೆನ್ನಿ. ಆ ಕೂಟದ ಮಟ್ಟಿಗೆ ಅವಳ ಮುಂದಿನ ಅವಕಾಶ ಬರುವ ವರ್ಷ. ಅಷ್ಟರಲ್ಲಿ ಮನೆಯಲ್ಲಿ ಮದುವೆ ಮಾತು ಶುರುವಾಗಿರುತ್ತದೆ.

ಹಾಗಾಗಿ ಕ್ರೀಡಾ ಇಲಾಖೆಗೆ ಒಂದು ಬೇಡಿಕೆ. ಮುಂಡಗೋಡ, ಹಳಿಯಾಳ, ದಾಂಡೇಲಿ, ಜೊಯಿಡಾ ಈ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ತಿಂಗಳಿಗೊಂದು ಪಂದ್ಯ ಸರದಿಯಂತೆ ನಡೆಸಿ. ಕ್ರೀಡಾಂಗಣ ಬೇಕಿಲ್ಲ, ಶಾಲೆಯ ಮೈದಾನ ಸಾಕು. ಬಸ್ಸಿನ ಖರ್ಚು, ಒಬ್ಬ ವೈದ್ಯರು, ಮಧ್ಯಾಹ್ನದ ಊಟ, ಇಷ್ಟಕ್ಕೆ ಹಣ ಕೊಡಿ. ಸನ್ಮಾನದ ಶಾಲು, ಹಾರದ ಖರ್ಚನ್ನು ಬೇಕಾದರೆ ಇದಕ್ಕೇ ಹೊಂದಿಸಿಕೊಳ್ಳಿ.