ಹಳೇ ಕೋವಿಯ ಹೊಳಪು ನಂಬಬೇಡಿ

ಎರಡು ಕುದುರೆಯ ಹಳೇ ಜೋಡುನಳಿಗೆ ಕೋವಿ ತಗೊಂಡೆ. ಲೈಸೆನ್ಸು, ಕಾಗದ ಎಲ್ಲ ಸರಿಮಾಡ್ಕೊಂಡೇ ಮನೆಗೆ ತಂದಿದ್ದು. ಮರದ ಹಿಡಿಯ ವಾರ್ನಿಶ್ ತೆಗೆದು, ಅಗಸೆ ಎಣ್ಣೆ ತೆಳ್ಳಗೆ ಉಜ್ಜಿ ಒಣಗಿಸಿ ಮತ್ತೆ ಉಜ್ಜಿದೆ. ಅದು ನಮ್ಮ ಕೈಲಾಗೋ ಕೆಲಸ.

ನಳಿಗೆಗೂ ಪಾಲಿಶ್ ಹೊಡಿಯಣ್ಣ ಅಂದ ತಮ್ಮ. ಒಪ್ಪಲಿಲ್ಲ. ಉಜ್ಜಿದಷ್ಟೂ ಕಬ್ಬಿಣ ಸವೆಯುತ್ತೆ, ನಂಬರ್ ಅಳಿಸಿದ್ರೆ ಕೇಸು. ಲೈಸೆನ್ಸ್ ಇರೋ ಕೋವಿ ರಿಪೇರಿಯವರಿಗೆ ತೋರಿಸಿದೆ. ಬೆಳಕಿಗೆ ಹಿಡಿದರೆ ಒಳಗೆಲ್ಲ ತುಕ್ಕು ತಿಂದ ಗುಳಿ. ಮೇಲಿನ ಚೆಂದದ ಸುರುಳಿ ಗೆರೆ ಡಮಾಸ್ಕಸ್ ನಳಿಗೆಯದಂತೆ: ಪಟ್ಟಿ ಸುತ್ತಿ ಬೆಸೆದದ್ದು, ಕರಿಮದ್ದಿನ ಕಾಲದ್ದು. ಈಗಿನ ತೋಟಾ ಹಾಕಿದ್ದರೆ ಒಡೆದು ನನ್ನ ಎಡಗೈಯೇ ಹೋಗ್ತಿತ್ತೇನೋ.

ನಾನು ಹೇಳೋದಿಷ್ಟೇ: ಹಳೇ ಕೋವಿ ತಗೊಳ್ಳೋರು ದುಡ್ಡು ಕೊಡೋ ಮೊದಲೇ ನಳಿಗೆ ಒಳಗೆ ನೋಡಿಸಿ. ನಾನು ಆಮೇಲೆ ನೋಡಿಸಿದೆ. ಈಗದು ಪೆಟ್ಟಿಗೆಯಲ್ಲಿ ಬೀಗ ಹಾಕಿಸ್ಕೊಂಡು ಕೂತಿದೆ.