ನಿಂತ ನೀರಿಗೆ ಹೊಳೆಯ ಮೀನು

ಹೊಳೆಯ ಮೀನನ್ನು ಕೆರೆಗೆ ಬಿಡುವುದು ಸರಿಯೇ ಎಂದು ಕೇಳಿದರೆ ನಮ್ಮ ಕಡೆಯ ಮೀನುಗಾರರು ನಕ್ಕಾರು. ಅವರು ಎಷ್ಟೋ ಕಾಲದಿಂದ ಮಾಡುತ್ತಿರುವುದೇ ಅದು. ಮಾರುಕಟ್ಟೆಯಲ್ಲಿ ‘ಕೆರೆ ಮೀನು’ ಎಂದು ತೂಗಿ ಕೊಡುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಹುಟ್ಟಿನಿಂದ ಹೊಳೆಯವು, ಅದೂ ದೂರದ ಗಂಗಾ ಬಯಲಿನವು. ಮಳೆಗಾಲದ ಕೆಂಪು ನೀರು ದಡ ಮೀರಿ ಹರಡಿದಾಗ ಮೊಟ್ಟೆಯಿಡುವ ಜಾತಿ. ಕೆರೆಯಲ್ಲಿ ಅವುಗಳ ಹೊಟ್ಟೆಯಲ್ಲಿ ತತ್ತಿ ಕಟ್ಟುತ್ತದೆ, ಆದರೆ ಹೊರಬರುವುದಿಲ್ಲ. ಪ್ರವಾಹದ ಸುಳಿವು ಸಿಗದೆ ದೇಹ ಅದನ್ನು ಮತ್ತೆ ಹೀರಿಕೊಂಡುಬಿಡುತ್ತದೆ. ಹಾಗಾಗಿ ಹಿಂದೆಲ್ಲ ಮರಿ ಬೇಕೆಂದರೆ ಹೊಳೆಯಲ್ಲೇ ಬಲೆಯೊಡ್ಡಿ ಹಿಡಿದು ತರಬೇಕಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ನಿಂತ ನೀರಿನಲ್ಲೇ ಇಂಥ ಮೀನುಗಳಿಂದ ಮೊಟ್ಟೆಯಿಡಿಸಿದರು. ಇವತ್ತು ನಮ್ಮ ಕೆರೆಗಳಿಗೆ ಬೀಳುವ ಲಕ್ಷಾಂತರ ಮರಿಗಳು ಅಂಥದೇ ಚುಚ್ಚುಮದ್ದಿನ ಸಂತಾನ.

ಇದು ನಿಸರ್ಗಕ್ಕೆ ವಿರುದ್ಧ ಎನ್ನುವವರ ಮುಖ್ಯ ತಕರಾರು ಒಂದೇ: ಸಂತಾನ ಬೆಳೆಸಲಾಗದ ಕಡೆ ಒಂದು ಜೀವಿಯನ್ನು ತಂದುಬಿಡುವುದು ಅನ್ಯಾಯ. ನನಗೆ ಅನಿಸುವುದು ತದ್ವಿರುದ್ಧ. ಕಾಟ್ಲಾ ಕೆರೆಯಲ್ಲಿ ಮರಿ ಮಾಡುವುದಿಲ್ಲ ಎಂಬುದೇ ಅದನ್ನು ಕೆರೆಗೆ ಬಿಡಲು ಇರುವ ಅತ್ಯಂತ ಒಳ್ಳೆಯ ಕಾರಣ. ಬಿಟ್ಟಷ್ಟು ಬೆಳೆಯುತ್ತದೆ, ಹಿಡಿದರೆ ಮುಗಿಯುತ್ತದೆ. ಮುಂದಿನ ವರ್ಷ ಬೇಡವೆಂದರೆ ಮರಿ ತರದಿದ್ದರಾಯಿತು. ಮೀನುಗಾರಿಕೆ ಇಲಾಖೆಯ ಮಾತಿನಲ್ಲಿ ಇದಕ್ಕೆ ‘ಬಿತ್ತನೆ’ ಎಂದೇ ಹೆಸರು. ಕೆರೆಗಳಿಗೆ ನಿಜವಾದ ಕಾಟ ಕೊಟ್ಟಿರುವುದು ನಿಂತ ನೀರನ್ನೇ ತವರು ಮಾಡಿಕೊಂಡ ಮೀನುಗಳು. ಬೆಂಗಳೂರಿನವರು ‘ಜಿಲೇಬಿ’ ಎಂದು ಕರೆಯುವ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂತು. ಬಾಯೊಳಗೇ ಮರಿ ಕಾಪಾಡಿಕೊಂಡು, ವರ್ಷದಲ್ಲಿ ಹಲವು ಸಲ ಹೆತ್ತು, ಕೆರೆ ತುಂಬ ಅಂಗೈಯಗಲದ ಸಣಕಲು ಮೀನನ್ನೇ ಉಳಿಸುತ್ತದೆ. ಸಾಮಾನ್ಯ ಗೆಂಡೆಯೂ ಜೊಂಡಿಗೆ ಮೊಟ್ಟೆ ಅಂಟಿಸಿ, ತಳದ ಕೆಸರು ಕೆದಕಿ ನೀರನ್ನು ರಾಡಿ ಮಾಡುತ್ತದೆ. ಇವನ್ನು ಒಮ್ಮೆ ಬಿಟ್ಟರೆ ವಾಪಸು ಪಡೆಯುವ ದಾರಿಯಿಲ್ಲ.

ಹಾಗೆಂದು ಹೊಳೆಯ ಮೀನನ್ನು ಬಿಡುವುದಕ್ಕೆ ಪೂರ್ತಿ ರಹದಾರಿ ಕೊಡಲಾರೆ. ನಿಂತ ನೀರಿನಲ್ಲಿ ಉಸಿರಿನದೇ ದೊಡ್ಡ ಕಷ್ಟ. ಚರಂಡಿ ಸೇರಿ ಪಾಚಿಗಟ್ಟಿದ ಕೆರೆಯಲ್ಲಿ ರಾತ್ರಿಯಿಡೀ ಪಾಚಿಯೂ ಆಮ್ಲಜನಕ ತಿನ್ನುತ್ತದೆ. ಬೆಳಗಿನ ಜಾವ ನೋಡಿದರೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ನೀರಿನ ಮೇಲ್ಪದರವನ್ನು ಗುಟುಕರಿಸುತ್ತಿರುತ್ತವೆ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಊರೆಲ್ಲ ನೋಡಿತು. ನಮ್ಮ ಕೆರೆಗಳ ಹಳೆಯ ಒಕ್ಕಲುಗಳಾದ ಕೊರವ, ಚೇಳು ಮೀನು ಗಾಳಿಯಿಂದಲೇ ಉಸಿರು ಎಳೆಯಬಲ್ಲವು. ಹರಿವ ನೀರಿಗೆ ಒಗ್ಗಿದ ಕಾಟ್ಲಾಕ್ಕೆ ಆ ಏರ್ಪಾಡಿಲ್ಲ. ಅಂಥ ಕೆರೆಗೆ ಗುತ್ತಿಗೆ ಹಣ ಬರುತ್ತದೆಂದು ಮರಿ ಸುರಿಯುವುದು ಕೃಷಿಯಾಗದು. ಮಲೆನಾಡಿನ ಕೆರೆಬೇಟೆಯಲ್ಲಿ ಜನ ಬಿದಿರಿನ ಕೂಣಿ ಹಿಡಿದು ಇಳಿಯುತ್ತಿದ್ದುದು ಬಹುಮಟ್ಟಿಗೆ ಈ ಹಳೆಯ ಒಕ್ಕಲುಗಳಿಗಾಗಿಯೇ. ಪೇಟೆಯಲ್ಲಿ ಜೀವಂತ ಕೊರವಕ್ಕೆ ಕಾಟ್ಲಾಕ್ಕಿಂತ ಹೆಚ್ಚು ಬೆಲೆ ಸಿಗುತ್ತದೆ ಎಂಬುದನ್ನೂ ಟೆಂಡರ್ ಕರೆಯುವ ಪಂಚಾಯಿತಿಗಳು ನೆನೆಯಬೇಕು.

ಇದುವರೆಗಿನದು ಊಟದ ಮೀನಿನ ಮಾತು. ಮಹಶೀರ್ ವಿಷಯ ಬೇರೆ. ಕಾವೇರಿ ತೀರದವರು ಬಿಳಿಮೀನು ಎನ್ನುವ ಇದನ್ನು ‘ಉಳಿಸುವ’ ಹೆಸರಿನಲ್ಲಿ ಕೆರೆ, ಜಲಾಶಯಗಳಿಗೆ ಬಿಡುವುದನ್ನು ಪುಣ್ಯದ ಕೆಲಸವೆಂದೇ ಎಲ್ಲರೂ ಒಪ್ಪಿಕೊಂಡಂತಿದೆ. ಅದೇಕೆ ತಪ್ಪೆಂದು ತಿಳಿಯಲು ಶೃಂಗೇರಿಯ ಸ್ನಾನಘಟ್ಟದಲ್ಲಿ ನಿಂತು ಸ್ವಲ್ಪ ಹೊತ್ತು ತುಂಗೆಯನ್ನು ನೋಡಿ. ಮಂಡಕ್ಕಿ ಎಸೆದಾಗ ಮುಗಿಬೀಳುವ ಮೀನುಗಳು, ಅದು ಮುಗಿದೊಡನೆ ಒಂದೊಂದಾಗಿ ಸೆಳವಿಗೆ ಮುಖ ಮಾಡಿ, ಬಾಲವನ್ನಷ್ಟೇ ಆಡಿಸುತ್ತ ನಿಂತಲ್ಲೇ ಈಜುತ್ತವೆ. ಮಹಶೀರ್‌ನ ಮೈಕಟ್ಟು ಇರುವುದೇ ಇದಕ್ಕೆ. ಮಳೆ ಹಿಡಿದಾಗ ಹೊಳೆಯ ಮೇಲಕ್ಕೆ ಹತ್ತಿ, ಉಸಿರಾಡುವ ಜಲ್ಲಿಗಲ್ಲಿನ ತಳದಲ್ಲಿ ಮೊಟ್ಟೆ ಇಡಬೇಕು. ಕೆರೆಯಲ್ಲಿ ಅದು ಬದುಕುತ್ತದೆ, ದಪ್ಪವೂ ಆಗುತ್ತದೆ. ಮಹಾರಾಷ್ಟ್ರದ ಲೋನಾವಳಾದ ಮಹಶೀರ್ ಮರಿ ಉತ್ಪಾದನಾ ಕೇಂದ್ರ ನಡೆಯುವುದೇ ಕೆರೆಯ ಪಕ್ಕದಲ್ಲಿ. ಆದರೆ ಕೆರೆಯಲ್ಲಿ ಉಳಿದದ್ದು ಕೆಲವು ಮೀನುಗಳು ಮಾತ್ರ, ಸಂತತಿ ಉಳಿಯಲಿಲ್ಲ.

ನಷ್ಟ ಇಷ್ಟಕ್ಕೇ ನಿಂತಿದ್ದರೆ ಸುಮ್ಮನಿರಬಹುದಿತ್ತು. ಕೃಷ್ಣಾ ಕಣಿವೆಯ ನೀಲಿ ರೆಕ್ಕೆಯ ಮಹಶೀರ್‌ನ ಮರಿಗಳನ್ನು ಲೋನಾವಳಾದಲ್ಲಿ ಹುಟ್ಟಿಸಿ, ಕಳೆದ ಶತಮಾನದ ಕೊನೆಯ ದಶಕಗಳಿಂದ ಕಾವೇರಿಗೂ ಬಿಡುತ್ತಾ ಬಂದರು. ಕಾವೇರಿಗೆ ತನ್ನದೇ ಆದ ಡುಬ್ಬದ ಮಹಶೀರ್ ಇತ್ತು, ಐವತ್ತು ಕಿಲೋ ಮುಟ್ಟುತ್ತಿದ್ದ ದೈತ್ಯ. ಕಾವೇರಿ ದಡದ ಗಾಳಿಬೋರೆಯ ಗಾಳ ಹಾಕುವ ಶಿಬಿರದ 1998ರಿಂದ 2012ರವರೆಗಿನ ದಾಖಲೆ ತೆಗೆದು ನೋಡಿದರೆ ನೀಲಿ ರೆಕ್ಕೆಯದರ ಲೆಕ್ಕ ಏರುತ್ತ, ಡುಬ್ಬದ ಮೀನಿನದು ಇಳಿಯುತ್ತ ಹೋಗಿದೆ. ಅಣೆಕಟ್ಟು, ಡೈನಮೈಟು, ಮರಳು ದಂಧೆಗಳ ಪಾಲೂ ಇದರಲ್ಲಿದೆ. ತಮಾಷೆಯೆಂದರೆ, ಆ ಡುಬ್ಬದ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಸಲ್ಲುತ್ತದೆಂದು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅತಿ ಗಂಡಾಂತರದ ಪಟ್ಟಿಗೂ ಸೇರಿತು. ಉಳಿಸಬೇಕಾದದ್ದು ಯಾವುದೆಂದು ತಿಳಿಯುವ ಮೊದಲೇ ‘ಮಹಶೀರ್ ಉಳಿಸುವ’ ಕೆಲಸ ಜೋರಾಗಿ ನಡೆದಿತ್ತು.

ಇಲ್ಲೇ ಕೆರೆಗೂ ಜಲಾಶಯಕ್ಕೂ ಗೆರೆ ಎಳೆಯಬೇಕು. ಕೋಡಿ ಬಿದ್ದಾಗಷ್ಟೇ ಹೊರಗೆ ಬಾಯಿ ತೆರೆಯುವ ಬಯಲುಸೀಮೆಯ ಕೆರೆ ಒಂದು ತರಹದ ಗದ್ದೆ. ಕೆಆರ್‌ಎಸ್‌ನಂಥ ಜಲಾಶಯ ಗೋಡೆಯ ಬಳಿ ನಿಂತ ನೀರಿನ ಹಾಗೆ ಕಂಡರೂ, ಹಿನ್ನೀರಿನ ತುದಿಯಲ್ಲಿ ಅದು ಜೀವಂತ ಹೊಳೆ. ಅಲ್ಲಿ ಬಿಟ್ಟ ಹೊಳೆಯ ಮೀನಿಗೆ ಮೇಲಕ್ಕೆ ಹತ್ತಲು ದಾರಿಯಿದೆ, ಕಾಟ್ಲಾದಂಥ ಗಂಗೆಯ ಗೆಂಡೆಗಳಿಗೂ ಇದೆ. ಹೀಗಿರುವಾಗ ಕೆರೆಯ ನಿಯಮವನ್ನು ಜಲಾಶಯಕ್ಕೆ ಹಚ್ಚುವುದು ಅಪಾಯ.

ಜಲಾಶಯವನ್ನೇ ನೆಚ್ಚಿದ ಮೀನುಗಾರರ ಸಹಕಾರ ಸಂಘಗಳವರು ಕೇಳುವ ಪ್ರಶ್ನೆ ನ್ಯಾಯವಾದದ್ದು: ಬಿತ್ತನೆ ನಿಲ್ಲಿಸಿದರೆ ನಾವು ಏನು ಹಿಡಿಯೋಣ? ನಿಲ್ಲಿಸಿ ಎಂದು ನಾನೂ ಹೇಳುವುದಿಲ್ಲ. ಆಯಾ ಹೊಳೆಯದೇ ಗೆಂಡೆಗಳ ಮರಿ ಬಿಡಿ ಎನ್ನುತ್ತೇನೆ. ಕಾವೇರಿಗೇ ಸೀಮಿತವಾದ ಲೇಬಿಯೊ ಕಾಂಟಿಯಸ್ ಕೂಡ ತಿನ್ನುವ ಮೀನೇ. ಅದಕ್ಕೆ ತಾಯಿಮೀನನ್ನು ಅದೇ ಹೊಳೆಯಿಂದ ಹಿಡಿಯಬೇಕು, ಸಾಕಣೆ ಕೇಂದ್ರದಲ್ಲಿ ಪ್ರತ್ಯೇಕ ತೊಟ್ಟಿ ಬೇಕು, ಹುಟ್ಟಿದ ಮರಿಗಳ ಗುರುತು ಕೆಡದಂತೆ ನೋಡಿಕೊಳ್ಳಬೇಕು. ಮೊದಮೊದಲು ಮರಿಗಳ ಸಂಖ್ಯೆ ಲಕ್ಷದಿಂದ ಸಾವಿರಕ್ಕೆ ಇಳಿಯುವುದು ಖಂಡಿತ, ಮತ್ತು ವರ್ಷದ ವರದಿಯಲ್ಲಿ ಆ ಅಂಕಿ ಕಳಪೆಯಾಗಿಯೇ ಕಾಣುತ್ತದೆ. ಬಿಟ್ಟ ಮರಿಗಳನ್ನು ಎಣಿಸುವ ಈ ಪದ್ಧತಿಯನ್ನು ಕೈಬಿಟ್ಟು, ಮೂರು ವರ್ಷದ ನಂತರ ಬಲೆಗೆ ಬಿದ್ದ ಮೀನನ್ನು ಜಾತಿವಾರು ಎಣಿಸುವುದರಿಂದ ಇಲಾಖೆ ಶುರು ಮಾಡಬಹುದು.