ಅವಿರೋಧ ಎನ್ನುವ ಮುನ್ನ

ಪಂಚಾಯಿತಿ ಚುನಾವಣೆಯ ಮಾತು ಎದ್ದರೆ ಸಾಕು, ಎಷ್ಟೋ ಊರುಗಳಲ್ಲಿ ಗುಡಿಯ ಕಟ್ಟೆಯ ಮೇಲೆ ನಾಲ್ಕು ಜನ ದೊಡ್ಡವರು ಸೇರುತ್ತಾರೆ. ‘ಊರೊಳಗೆ ಜಗಳ ಬೇಡ, ಒಮ್ಮತದಿಂದ ಮುಗಿಸೋಣ’ ಎಂಬ ಸಿಹಿ ಮಾತಿನಿಂದ ಶುರುವಾಗುವ ಆ ಸಭೆ, ಗುಡಿಯ ಜೀರ್ಣೋದ್ಧಾರಕ್ಕೆ ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಸೀಟು ಎಂಬಲ್ಲಿಗೆ ಬಂದು ನಿಲ್ಲುವುದುಂಟು. 2020ರ ಡಿಸೆಂಬರಿನ ಚುನಾವಣೆಯ ಹೊತ್ತಿನಲ್ಲಿ ರಾಜ್ಯದ ಹಲವು ಕಡೆಗಳಿಂದ ಇಂಥ ಹರಾಜಿನ ಸುದ್ದಿ ಬಂತು, ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು.

ದೇವರ ಹೆಸರು ಬಂದ ಕೂಡಲೇ ನಾವು ಬಾಯಿ ಕಟ್ಟಿಕೊಳ್ಳುತ್ತೇವೆ. ಓಟಿಗೆ ಐನೂರು ಹಂಚಿದರೆ ಪಾಪ ಎನ್ನುವವರೇ, ಗುಡಿಗೆ ಹತ್ತು ಲಕ್ಷ ಕೊಟ್ಟು ಸೀಟು ಹಿಡಿದವನಿಗೆ ಶಾಲು ಹೊದಿಸುತ್ತಾರೆ. ಅಲ್ಲ ಸ್ವಾಮಿ, ಆ ಹತ್ತು ಲಕ್ಷವನ್ನು ಅವನು ಮರಳಿ ಎಲ್ಲಿಂದ ತೆಗೆಯುತ್ತಾನೆ? ಐದು ವರ್ಷದ ಗೌರವಧನವನ್ನೆಲ್ಲ ಕೂಡಿಟ್ಟರೂ ಅದು ಹುಟ್ಟುವುದಿಲ್ಲ. ನಿಮ್ಮ ಚರಂಡಿಯಿಂದ ತೆಗೆಯುತ್ತಾನೆ, ನಿಮ್ಮ ಕುಡಿಯುವ ನೀರಿನ ಪೈಪಿನಿಂದ ತೆಗೆಯುತ್ತಾನೆ.

ನಿಮ್ಮ ಓಣಿಯ ಸಿಸಿ ರಸ್ತೆಯ ತುದಿಗೆ ಒಮ್ಮೆ ಹೋಗಿ ನಿಲ್ಲಿ. ಅಲ್ಲೊಂದು ನಾಮಫಲಕ ಇರಬೇಕು. ಕಾಮಗಾರಿಯ ಹೆಸರು, ಯೋಜನೆ, ವರ್ಷ, ಅಂದಾಜು ಮೊತ್ತ ಎಲ್ಲ ಅದರ ಮೇಲೆ ಬರೆದಿರುತ್ತದೆ. ಯಾರೋ ಅದಕ್ಕೆ ಎಮ್ಮೆ ಕಟ್ಟಿರಬಹುದು, ಮೇಲೆ ಹುಟ್ಟುಹಬ್ಬದ ಪೋಸ್ಟರ್ ಅಂಟಿಸಿರಬಹುದು. ಪೋಸ್ಟರ್ ಕಿತ್ತು ಓದಿ. ಆಮೇಲೆ ರಸ್ತೆಯನ್ನು ಹೆಜ್ಜೆಯಲ್ಲಿ ಅಳೆಯಿರಿ. ಇನ್ನೂರು ಮೀಟರಿನ ದುಡ್ಡಿಗೆ ನೂರಿಪ್ಪತ್ತು ಮೀಟರ್ ಕಂಡರೆ, ಮತ್ತೆ ಓಟು ಕೇಳಲು ಬಂದವನ ಎದುರು ಇಡಬೇಕಾದ ಪ್ರಶ್ನೆ ನಿಮ್ಮ ಕಾಲಡಿಯಲ್ಲೇ ಸಿಕ್ಕಿತು. ಫಲಕವೇ ಇಲ್ಲದಿದ್ದರೆ ಅದೂ ಒಂದು ಉತ್ತರವೇ. ಇಷ್ಟಕ್ಕೆ ಟಿವಿ ಚರ್ಚೆಯೂ ಬೇಡ, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ನಂಬುವ ಪಾಡೂ ಬೇಡ. ದೆಹಲಿಯ ಬಜೆಟ್ಟಿನ ಬಗ್ಗೆ ಚಹಾದಂಗಡಿಯಲ್ಲಿ ಒಂದು ಗಂಟೆ ವಾದ ಮಾಡುವ ನಾವು, ನಮ್ಮ ಪಂಚಾಯಿತಿಯ ಕ್ರಿಯಾಯೋಜನೆಯ ಒಂದು ಹಾಳೆಯನ್ನೂ ನೋಡದೆ ಓಟು ಹಾಕುತ್ತೇವೆ. ಲೋಕಸಭೆಯ ಅಭ್ಯರ್ಥಿ ಎಂಥವನೆಂದು ತಿಳಿಯುವುದು ಕಷ್ಟ. ಸುಮಾರು ನಾನೂರು ಜನಕ್ಕೆ ಒಬ್ಬ ಸದಸ್ಯ ಇರುವ ಗ್ರಾಮ ಪಂಚಾಯಿತಿಯಲ್ಲಿ ಗೊತ್ತಿರಲಿಲ್ಲ ಎಂಬ ನೆಪಕ್ಕೆ ಜಾಗವೆಲ್ಲಿದೆ?

ಪಿಡಿಒ ಬಳಿ ಹೋಗಿ ಗ್ರಾಮಸಭೆಯ ನಡಾವಳಿ ಕೇಳಿ. ಅಲೆದಾಡಿಸಿದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಕೊಡಿ. ನಡೆಯದ ಸಭೆಗೆ ಸಹಿ ಹಾಕಿದವರ ಪಟ್ಟಿಯಲ್ಲಿ ನಿಮ್ಮದೇ ಹೆಸರು ಸಿಕ್ಕರೆ ಬೆಚ್ಚಿಬೀಳಬೇಡಿ, ಜೆರಾಕ್ಸ್ ಮಾಡಿಸಿಕೊಳ್ಳಿ.

ಮಹಿಳಾ ಮೀಸಲಾತಿಯ ಮಾತನ್ನಂತೂ ಆಡಲೇಬೇಕು. 1983ರ ಕಾನೂನಿನಲ್ಲಿ, ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದ ಕಾಲದಲ್ಲೇ, ಈ ರಾಜ್ಯ ಹೆಣ್ಣುಮಕ್ಕಳಿಗೆ ಕಾಲು ಭಾಗ ಸ್ಥಾನ ಇಟ್ಟಿತು. ದೇಶದ ಸಂವಿಧಾನ ಅದನ್ನು ಹೇಳಿದ್ದು ಹತ್ತು ವರ್ಷ ತಡವಾಗಿ. ಈಗ ಅದು ಅರ್ಧಕ್ಕೇರಿದೆ. ಆದರೂ ಪ್ರಚಾರದ ಕರಪತ್ರದಲ್ಲಿ ಗಂಡನ ಫೋಟೊ ದೊಡ್ಡದು, ಗೆದ್ದ ಮೇಲೆ ಕುರ್ಚಿಯಲ್ಲಿ ಕೂರುವವನೂ ಅವನೇ. ಮನೆಗೆ ಓಟು ಕೇಳಲು ಬಂದಾಗ ‘ಅಣ್ಣಾ, ನೀವು ಸ್ವಲ್ಪ ಸುಮ್ಮನಿರಿ, ಅಕ್ಕ ಮಾತಾಡಲಿ’ ಎನ್ನಿ. ಅಕ್ಕನಿಗೆ ಮಾತು ತಡವರಿಸಿದರೂ ಪರವಾಗಿಲ್ಲ. ಊರಿನ ನೀರಿನ ಕಷ್ಟ ಬಿಂದಿಗೆ ಹೊತ್ತವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇನ್ನು ಆಣೆ. ದುಡ್ಡಿನ ಜೊತೆ ದೇವರ ಫೋಟೊ ಮುಟ್ಟಿಸಿ ‘ಮಂಜುನಾಥನಾಣೆ, ನಮಗೇ ಹಾಕಬೇಕು’ ಎನ್ನಿಸುತ್ತಾರೆ. ಕಡು ಬಡವರೇ ಈ ಆಣೆಗೆ ಹೆದರುವವರು. ಆಡಿದ ಮಾತಿಗೆ ತಪ್ಪಬಾರದೆಂಬ ಅವರ ಒಳ್ಳೆಯತನವನ್ನೇ ಬಲೆ ಮಾಡಿಕೊಂಡ ನೀಚತನ ಇದು. ಲಂಚದ ಜೊತೆ ಕಟ್ಟಿದ ಆಣೆ ಯಾವ ದೇವರಿಗೂ ಮುಟ್ಟುವುದಿಲ್ಲ ಎಂದು ನಾನು ನಂಬಿದ್ದೇನೆ. ಕಾನೂನಿಗೆ ಮಾತ್ರ ಮುಟ್ಟುತ್ತದೆ: ಕೊಟ್ಟವರಂತೆ ಪಡೆದವರೂ ಅಪರಾಧಿಗಳೇ, ಒಂದು ವರ್ಷದವರೆಗೆ ಜೈಲಾಗಬಹುದು. ಆಣೆ ಹಾಕಿಸುವವನು ಬಾಗಿಲಿಗೆ ಬರುವ ಮೊದಲೇ ನಿಮ್ಮ ಕೇರಿಯ ಅಜ್ಜಿಯರ ಹತ್ತಿರ ಕೂತು ಇದನ್ನು ಹೇಳಿ.

ಬೆಂಗಳೂರಿನ ಗಾರ್ಮೆಂಟ್ಸ್, ಕಟ್ಟಡ ಕೆಲಸದಲ್ಲಿರುವ ಹುಡುಗರೇ, ಅಭ್ಯರ್ಥಿ ಮಾಡಿಸಿದ ಬಸ್ಸಿನಲ್ಲಿ ಬಿರಿಯಾನಿ ತಿನ್ನುತ್ತಾ ಊರಿಗೆ ಬರಬೇಡಿ. ನಿಮ್ಮ ದುಡ್ಡಿನ ಟಿಕೆಟ್ ತೆಗೆದುಕೊಂಡು, ಸಾಧ್ಯವಾದರೆ ಒಂದು ದಿನ ಮೊದಲೇ ಬನ್ನಿ. ಹಲವು ವಾರ್ಡುಗಳಿಂದ ಇಬ್ಬರು ಮೂವರು ಸದಸ್ಯರು ಆಯ್ಕೆಯಾಗುತ್ತಾರೆ. ಎಷ್ಟು ಸ್ಥಾನವೋ ಅಷ್ಟು ಓಟು ನಿಮ್ಮವು. ಯಾರು ಯಾರು ನಿಂತಿದ್ದಾರೆಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಇಷ್ಟೆಲ್ಲ ಮಾಡಲು ಪಟ್ಟಿಯಲ್ಲಿ ಹೆಸರಿರಬೇಕು. ಪಂಚಾಯಿತಿಯ ಮತದಾರರ ಪಟ್ಟಿ ಸಿದ್ಧವಾಗುವುದು ವಿಧಾನಸಭೆಯ ಪಟ್ಟಿಯಿಂದ. ಅದನ್ನು ವಾರ್ಡುವಾರು ಒಡೆಯುವಾಗ ಅತ್ತೆ ಒಂದು ವಾರ್ಡಿಗೆ, ಸೊಸೆ ಇನ್ನೊಂದಕ್ಕೆ ಹೋಗುವುದುಂಟು, ಸತ್ತವರು ಉಳಿಯುವುದುಂಟು. ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ. ಕರಡು ಪಟ್ಟಿಯನ್ನು ಪಂಚಾಯಿತಿ ಕಚೇರಿಯಲ್ಲಿ ಹಾಕುತ್ತಾರೆ, ಆಕ್ಷೇಪಣೆಗೆ ಸಿಗುವುದು ಕೆಲವೇ ದಿನ. ರೇಷನ್ ತರಲು ಹೋದ ದಿನವೇ ಕಚೇರಿಗೂ ಹೋಗಿ, ಮನೆಯವರೆಲ್ಲರ ಹೆಸರನ್ನೂ ಬೆರಳಿಟ್ಟು ಓದಿ ಬನ್ನಿ. ಓದು ಬಾರದ ಪಕ್ಕದ ಮನೆಯವರದನ್ನೂ.